ರೊಟ್ಟಿ ಸಪ್ಪಳದ ಕ್ಲಾಸು

ಒಂದೊಂದೇ ಕೋಣೆಯ ಬಾಡಿಗೆ ಮನೆಗಳ ನಮ್ಮ ಸಾಲಿನಲ್ಲಿ ಖೋಲಿಗಳ ಗೋಡೆಗಳು ಮೇಲಿನ ತಗಡನ್ನು ಮುಟ್ಟುವುದಿಲ್ಲ. ಒಂದು ಮೊಳದಷ್ಟು ಜಾಗ ಬಿಟ್ಟು ನಿಂತಿವೆ. ಆ ಸಂದಿಯಿಂದ ಒಬ್ಬರ ಮನೆಯ ಒಗ್ಗರಣೆ ಇನ್ನೊಬ್ಬರ ಮನೆಗೆ ಬರುತ್ತದೆ, ಕೆಮ್ಮು ಬರುತ್ತದೆ, ಗಂಡ ಹೆಂಡಿರ ಜಗಳವೂ ಬರುತ್ತದೆ. ಊರು ಬಿಟ್ಟು ಗೋವಾದ ಸಾಂಕೋಲೆಗೆ ಬಂದ ಹೊಸತರಲ್ಲಿ ನನಗೆ ಇದು ಬಹಳ ಕಷ್ಟವೆನಿಸಿತ್ತು. ಈಗ ಪಕ್ಕದ ಹುಲಿಗೆವ್ವ ಎದ್ದು ಗಂಟಲು ಸರಿಮಾಡಿಕೊಳ್ಳದಿದ್ದರೆ ನನಗೆ ಬೆಳಗಾದದ್ದೇ ಗೊತ್ತಾಗುವುದಿಲ್ಲ.

ನನ್ನ ಮಗಳು ನೀಲಾ ಕಾಲೇಜಿನ ಮೊದಲ ವರ್ಷಕ್ಕೆ ಸೇರಿದಾಗ ಈ ಸಂದಿ ಮತ್ತೆ ನನ್ನ ಚಿಂತೆಯಾಯಿತು.

ನೀಲಾಳಿಗೆ ಚಿಕ್ಕಂದಿನಿಂದ ಗಣಿತವೆಂದರೆ ಜೀವ. ಇದ್ದಿಲಿನಿಂದ ಗೋಡೆಯ ತುಂಬ ಲೆಕ್ಕ ಬರೆದು ನನ್ನಿಂದ ಬೈಸಿಕೊಂಡವಳು. ಗಣಿತದ ಟೀಚರ್ ಆಗುವುದು ಅವಳ ಆಸೆ. ಅದಕ್ಕೆ ಎರಡನೆಯ ವರ್ಷದಲ್ಲಿ ಗಣಿತವನ್ನೇ ಮುಖ್ಯ ವಿಷಯವಾಗಿ ತೆಗೆದುಕೊಳ್ಳಬೇಕು. ಹಾಗೆ ತೆಗೆದುಕೊಳ್ಳಲು ಮೊದಲ ವರ್ಷ ನೂರಕ್ಕೆ ಅರವತ್ತು ಅಂಕ ಬರಬೇಕು. ಬಾರದಿದ್ದರೆ ಬೇರೆ ವಿಷಯ.

ಅವಳ ಗಣಿತದ ಮಾಸ್ತರು ಸುನಿಲ ಸರ್. ಫೋನಿನಲ್ಲಿ ಕಲಿತ ಮಕ್ಕಳು ಹೆಚ್ಚು ಕಲಿಯುತ್ತಾರೋ, ಕ್ಲಾಸಿನಲ್ಲಿ ಕುಳಿತು ಕಲಿತವರು ಹೆಚ್ಚು ಕಲಿಯುತ್ತಾರೋ ಎಂದು ಅವರು ಹೋಲಿಸಿ ನೋಡಬೇಕೆಂದಿದ್ದರು. ಮಕ್ಕಳನ್ನೆಲ್ಲ ಕೇಳಿ, ಒಪ್ಪಿದವರ ಹೆಸರುಗಳ ಚೀಟಿ ಎತ್ತಿದರು. ಅರ್ಧ ಮಕ್ಕಳು ಗಣಿತಕ್ಕೆ ಕ್ಲಾಸಿಗೆ ಬರಬೇಕು, ಅರ್ಧ ಮಕ್ಕಳು ಮನೆಯಲ್ಲೇ ಕುಳಿತು ಆನ್‌ಲೈನ್ ಕೇಳಬೇಕು. ಮಾಸ್ತರು ಅವರೇ, ಪಾಠ ಅದೇ, ಪ್ರಶ್ನೆಪತ್ರಿಕೆಯೂ ಅದೇ. ಉಳಿದ ವಿಷಯಗಳಿಗೆ ಎಲ್ಲರೂ ಮಧ್ಯಾಹ್ನ ಕಾಲೇಜಿಗೆ ಹೋಗಬೇಕು. ನೀಲಾಳ ಚೀಟಿ ಆನ್‌ಲೈನ್ ಕಡೆ ಬಂತು, ಅವಳ ಗೆಳತಿ ದೀಪಾಳದ್ದು ಕ್ಲಾಸಿನ ಕಡೆ.

"ನಡಿ, ಮುಂಜಾನೆ ಬಸ್ಸಿನ್ಯಾಗ ನಿಂತು ಹೋಗೂದರೆ ತಪ್ಪಿತು" ಎಂದು ನೀಲಾಳ ಅಪ್ಪ ಖುಷಿಪಟ್ಟರು. ನಮ್ಮ ಮನೆಯವರು, ಕಂಠೆಪ್ಪ, ಹತ್ತಿರದ ಕಟ್ಟಡವೊಂದರಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಾರೆ. ಕ್ಲಾಸಿದ್ದ ದಿನ ತಮ್ಮ ಫೋನನ್ನು ಮನೆಯಲ್ಲೇ ಬಿಟ್ಟು ಹೋಗತೊಡಗಿದರು. "ಫೋನ್ ಹಚ್ಚಿದ್ರ ಹುಡುಗಿ ಎತ್ತಿ 'ಸರ್, ಕ್ಲಾಸ್ ನಡದೈತ್ರಿ' ಅಂತಾಳಲ್ಲೋ, ನೀ ಏನ್ ಕಾಲೇಜ್ ಸೇರೀಯೇನ?" ಎಂದು ಕೆಲಸದ ಮೇಲ್ವಿಚಾರಕ ಮುಕಾದಮ ಅವರನ್ನು ಕಾಡುತ್ತಿದ್ದನಂತೆ.

ಕ್ಲಾಸು ಹನ್ನೊಂದಕ್ಕೆ. ನಮ್ಮ ಸಾಲಿನಲ್ಲಿ ಹನ್ನೊಂದು ಎಂದರೆ ಜಾತ್ರೆ. ಹುಲಿಗೆವ್ವ ಪಾತ್ರೆ ತಿಕ್ಕುತ್ತ ಇಡೀ ಸಾಲಿಗೆ ಕೇಳುವಂತೆ ಊರ ಸುದ್ದಿ ಹೇಳುವ ಹೊತ್ತು. ಆಚೆ ಬದಿಯ ಮುಜಫ್ಫರ ಅಂಗಳದಲ್ಲಿ ಕಿಟಕಿಯ ಗ್ರಿಲ್ ಕತ್ತರಿಸುವ ಹೊತ್ತು. ನಾನು ಬೆಳಿಗ್ಗೆ ಕಾಲನಿಯ ಮನೆಗಳಲ್ಲಿ ಕಸ ಮುಸುರೆ ಮುಗಿಸಿ ಬಂದು, ಊಟಕ್ಕೆ ಬರುವ ಗಂಡನಿಗಾಗಿ ರೊಟ್ಟಿ ಬಡಿಯುವ ಹೊತ್ತೂ ಅದೇ. ಮೊದಲ ದಿನ ನೀಲಾ ಕಿಟಕಿಯ ಬಳಿಯ ಟ್ರಂಕಿನ ಮೇಲೆ ಕುಳಿತು, ಒಂದು ಕಿವಿಗೆ ಫೋನಿನ ವಾಯರು, ಇನ್ನೊಂದು ಕಿವಿಗೆ ಬೆರಳು ಹಾಕಿಕೊಂಡು ಪಾಠ ಕೇಳಿದಳು.

ಅವತ್ತೇ ಸಂಜೆ ನಾನು ಖೋಲಿ ಖೋಲಿಗೆ ಹೋಗಿ, ಹನ್ನೊಂದರಿಂದ ಒಂದು ತಾಸು ಸದ್ದು ಮಾಡಬೇಡಿರೆಂದು ಕೇಳಿಕೊಂಡೆ. ಮುಜಫ್ಫರ, "ಅದಕ್ಕೇನ್ರಿ ಅಕ್ಕಾ, ಆ ಹೊತ್ನ್ಯಾಗ ಬಣ್ಣಾ ಹಚ್ಚತೇನಿ, ಬಣ್ಣಕ್ಕ ಬಾಯಿಲ್ಲ" ಎಂದ. ಹುಲಿಗೆವ್ವ ಮಾತ್ರ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಒಂದ್ ತಾಸ್ ಬಾಯಿ ಮುಚ್ಚಬೇಕಾ? ಹೆರಿಗ್ಯಾಗೂ ನಾ ಮುಚ್ಚಿಲ್ಲವಾ ತಂಗಿ."

"ಕೂಸಿನ ಓದು ಅಕ್ಕಾ."

"ಕೂಸಿನ ಓದು ಅಂದ್ರ ಮುಚ್ಚಲೇಬೇಕು. ಹೋಗ, ಮುಚ್ಚತೇನಿ."

ಆಡಿದಂತೆ ನಡೆದುಕೊಂಡಳು. ಹನ್ನೊಂದಾಗುತ್ತಲೇ ನಮ್ಮ ಸಾಲು ಗುಡಿಯ ಹಾಗೆ ಸ್ತಬ್ಧವಾಗುತ್ತಿತ್ತು. ನೀಲಾ ಕಿವಿಯ ವಾಯರು ತೆಗೆದಿಟ್ಟು ಫೋನನ್ನು ಸ್ಪೀಕರಿಗೆ ಹಾಕಿಕೊಂಡಳು. ಕೊಡ ಇಳಿಸುವವರೂ ಸದ್ದಾಗದಂತೆ ಇಳಿಸುತ್ತಿದ್ದರು. ನಾನು ರೊಟ್ಟಿ ಬಿಟ್ಟು ಅನ್ನಕ್ಕಿಳಿದೆ. ಕುಕ್ಕರು ಸೀಟಿ ಹೊಡೆಯುತ್ತದೆಂದು ಪಾತ್ರೆಯಲ್ಲೇ ಅನ್ನ ಮಾಡಿದೆ. ನಮ್ಮ ಮನೆಯವರು ಕೆಲವು ದಿನ ಸುಮ್ಮನೆ ಉಂಡರು. ಆಮೇಲೊಮ್ಮೆ ತಾಟಿನ ಮುಂದೆ ಕುಳಿತು, "ಅನ್ನಾ ತಿಂದು ತಿಂದು ಪೂರಾ ಗೋವಾದಾಂವ ಆಗೇನಿ. ಇನ್ನ ಮೀನ ಒಂದ ಬಾಕಿ ನೋಡು" ಎಂದರು.

"ಅದನ್ನೂ ಹಾಕಲೇನ್ರಿ?" ಎಂದೆ.

"ಬ್ಯಾಡ ತಾಯಿ. ಅನ್ನಾನ ಹಾಕು."

ನಾವು ಮಾಡಿದ್ದು ಮಗಳಿಗೆ ನೆರವಾಗುತ್ತಿದೆ ಎಂದೇ ಅಂದುಕೊಂಡಿದ್ದೆವು. ಆ ದಿನಗಳಲ್ಲೇ ಒಂದು ಬೆಳಿಗ್ಗೆ ನಳದ ಹತ್ತಿರ ನಡೆದ ಮಾತೊಂದು ನೆನಪಿದೆ. ನೀರಿಗೆ ಸರತಿ ಹಚ್ಚಿ ಎಲ್ಲರೂ ನಿಂತಿದ್ದೆವು. ನೀಲಾ ಕೊಡ ಹಿಡಿದು ಬಂದಳು. ಹುಲಿಗೆವ್ವ ನಗುತ್ತ, "ಏನವಾ ನೀಲಾ, ನಿನ್ನಿ ಮಾಸ್ತರಿಗೆ ಝೀರೋ ಝೀರೋ ಅಂತ ಭಾಳ ಕೇಳಾಕತ್ತಿದ್ದಿ? ಝೀರೋ ತಿಳೀಲಿಲ್ಲೇನ? ಝೀರೋ ಅಂದ್ರ ಏನೂ ಇಲ್ಲ ಅಂತ, ಸಾಲೀ ಕಟ್ಟಿ ಹತ್ತದ ನನಗೂ ಗೊತ್ತೈತಿ" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ನೀಲಾಳೂ ನಕ್ಕು, ಕೊಡ ತುಂಬಿಸಿಕೊಂಡು ಹೋದಳು. ಹುಲಿಗೆವ್ವನ ಮಾತಿನಲ್ಲಿ ಪ್ರೀತಿ ಬಿಟ್ಟು ಬೇರೇನೂ ಇರಲಿಲ್ಲ. ಹಬ್ಬಕ್ಕೆ ಹೋಳಿಗೆ ಮಾಡಿದರೆ ಮೊದಲನೆಯದು ನೀಲಾಳಿಗೇ ಎತ್ತಿಡುವವಳು ಅವಳು.

ಮೊದಲ ಪರೀಕ್ಷೆಯ ಫಲ ಬಂದ ದಿನ ನೀಲಾ ಊಟ ಮಾಡಲಿಲ್ಲ. ಮೂವತ್ತಕ್ಕೆ ಹನ್ನೊಂದು. ದೀಪಾಳಿಗೆ ಅದರ ದುಪ್ಪಟ್ಟು. ಸುನಿಲ ಸರ್ ಎರಡೂ ಗುಂಪಿನವರ ಅಂಕಗಳನ್ನು ಕೂಡಿಸಿ ಭಾಗಿಸಿ ತೋರಿಸಿದರಂತೆ. ಕ್ಲಾಸಿನ ಮಕ್ಕಳು ಮುಂದೆ, ಫೋನಿನ ಮಕ್ಕಳು ಬಹಳ ಹಿಂದೆ.

ಸುದ್ದಿ ಸಂದಿಯಿಂದ ಹಾರಿ ಆಗಲೇ ಆಚೆ ಹೋಗಿತ್ತು. ಹುಲಿಗೆವ್ವ ಬಾಗಿಲಲ್ಲಿ ಬಂದು ನಿಂತಳು. "ನಾ ಮೊದಲ ಹೇಳಿದ್ನಿಲ್ಲ? ಫೋನಿನ್ಯಾಗ ಲಗ್ನಾ ನೋಡಿದ್ರ ಹೊಟ್ಟಿ ತುಂಬತೇತೇನ? ಮಾಸ್ತರು ಎದುರಿಗಿದ್ರ ಕಣ್ಣಾಗ ಕಣ್ಣಿಟ್ಟು ಕಲಸ್ತಾರ. ಫೋನಿನ್ಯಾಗಂದ್ರ ಅವರಿಗೆ ಯಾರ ಕಣ್ಣು ಕಾಣತಾವು?"

ಸಂಜೆ ದೀಪಾ ಬಂದಳು. ಅವಳ ತಾಯಿ ಮೋತಿಬಾಯಿ ಬೋಗಮಾಳೊ ಬೀಚಿನಲ್ಲಿ ಮಣಿಸರ, ಕಸೂತಿ ಚೀಲ ಮಾರುತ್ತಾಳೆ. ದೀಪಾ ನೀಲಾಳ ಪಕ್ಕ ಟ್ರಂಕಿನ ಮೇಲೆ ಕುಳಿತು ಕಾಲು ಅಲ್ಲಾಡಿಸುತ್ತ ಹೇಳಿದಳು:

"ಹಿಂಗ ಮಾಡೂಣ. ನೀ ಕ್ಲಾಸಿಗೆ ಹೋಗು, ನಾ ಮನ್ಯಾಗ ಕುಂಡ್ರತೇನಿ. ಇಬ್ಬರೂ ಒಪ್ಪಿದ್ರ ಅದಲಿ ಬದಲಿ ಆಗಬಹುದು ಅಂದಾರ ಸರ್."

"ನೀ ಮನ್ಯಾಗ ಕುಂತ್ರ ನಿಮ್ಮವ್ವ ನಿನ್ನ ಬೀಚಿಗೆ ಕರಕೊಂಡ ಹೋಗತಾಳ."

"ಹೋದ್ರ ಹೋಗತೇನಿ. ಮಣಿಸರಾ ಮಾರಕೋತ ಕ್ಯಾಲ್ಕುಲಸ್ ಕೇಳತೇನಿ."

"ಮತ್ತ ಗಿರಾಕಿಗೆ ಲಿಮಿಟ್ ಹೇಳತೀಯೇನ?"

ಇಬ್ಬರೂ ನಕ್ಕರು. ಆದರೆ ನೀಲಾ ಒಪ್ಪಲಿಲ್ಲ. ಮನೆಯಲ್ಲಿದ್ದರೆ ದೀಪಾಳಿಗೆ ಓದಲು ಆಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಗೆಳತಿ ಹೋದ ಮೇಲೆ ನಾನು ನೀಲಾಳ ತಲೆಗೆ ಎಣ್ಣೆ ಹಚ್ಚುತ್ತ ಕೇಳಿದೆ, "ತಿಳೀಲಿಲ್ಲಂದ್ರ ಸರ್‌ನ್ನ ಕೇಳಬಾರದಾ ನೀಲವ್ವ?"

"ಕೇಳತೇನಿ ಬಿಡವಾ" ಎಂದಳಷ್ಟೆ. ಕೇಳಲಿಲ್ಲ. ನಾನು ಗಮನಿಸುತ್ತಲೇ ಇದ್ದೆ. ದಿನಾ ಹನ್ನೊಂದರಿಂದ ಹನ್ನೆರಡರವರೆಗೆ ಫೋನಿನಲ್ಲಿ ಸರ್ ಮಾತಾಡುತ್ತಿದ್ದರು. ಮಗಳು ಬರೆದುಕೊಳ್ಳುತ್ತಿದ್ದಳು, ಪೆನ್ನಿನ ತುದಿ ಕಚ್ಚುತ್ತಿದ್ದಳು. ಸರ್ "ಎನಿ ಡೌಟ್ಸ್?" ಎಂದಾಗ ಅವಳ ಬೆರಳು ಮೈಕಿನ ಗುರುತಿನವರೆಗೆ ಹೋಗುತ್ತಿತ್ತು. ಆಗ ಅವಳು ಗೋಡೆಯ ಮೇಲಿನ ಸಂದಿ ನೋಡುತ್ತಿದ್ದಳು, ಬೆರಳು ಹಿಂದೆ ಬರುತ್ತಿತ್ತು. ಅವಳು ಸಂದಿ ನೋಡಿದ್ದು ನಾನು ಕಂಡೆ. ಹುಲಿಗೆವ್ವ ಎಲ್ಲಿ ಸಪ್ಪಳ ಮಾಡಿಬಿಡುತ್ತಾಳೋ ಎಂದು ನೋಡುತ್ತಾಳೆ ಅಂದುಕೊಂಡೆ. ಅದಕ್ಕೆ ಮರುದಿನ ಹೋಗಿ ಇನ್ನಷ್ಟು ಮೆತ್ತಗಿರಲು ಹೇಳಿ ಬಂದೆ.

"ಇದಕ್ಕಿಂತ ಮೆತ್ತಗ ಇರಬೇಕಂದ್ರ ನಾ ಸಾಯಬೇಕು" ಎಂದಳು ಹುಲಿಗೆವ್ವ.

ಹೀಗಿರುವಾಗ ಒಂದು ದಿನ ಹನ್ನೊಂದರ ಸುಮಾರಿಗೆ ನನ್ನ ತಮ್ಮ ಶಂಕರಲಿಂಗ ಬಂದ. ಅವನು ಲಾರಿ ಓಡಿಸುತ್ತಾನೆ. ಬಿಜಾಪುರ ಕಡೆಯಿಂದ ಉಳ್ಳಾಗಡ್ಡಿ ತಂದು ಮ್ಹಾಪಸಾದ ಪೇಟೆಯಲ್ಲಿ ಇಳಿಸಿ, ವಾಪಸು ಹೋಗುವಾಗ ಏನಾದರೂ ತುಂಬಿಕೊಳ್ಳಲು ನಮ್ಮ ಕಡೆಯ ಕಾರ್ಖಾನೆಗಳಿಗೆ ಬರುತ್ತಾನೆ. ಅವತ್ತು ಹೆಗಲ ಮೇಲೆ ಜೋಳದ ಹಿಟ್ಟಿನ ಚೀಲ ಹೊತ್ತುಕೊಂಡೇ ಒಳಗೆ ಬಂದ.

"ಅಕ್ಕಾ, ಲಾರಿ ತುಂಬಾಕತ್ತಾರ. ಅಷ್ಟರಾಗ ಎರಡ ಬಿಸಿ ರೊಟ್ಟಿ ಹಾಕು. ಎರಡ ದಿನದಿಂದ ಪಾವ್ ತಿಂದು ಹೊಟ್ಟಿಯೊಳಗ ಸ್ಪಂಜ್ ತುಂಬಿದಂಗಾಗೇತಿ."

ನಾನು ತುಟಿಯ ಮೇಲೆ ಬೆರಳಿಟ್ಟು ನೀಲಾಳ ಕಡೆ ತೋರಿಸಿದೆ. "ಅನ್ನಾ ಐತಿ, ಉಣ್ಣು."

ಅವನು ದನಿ ತಗ್ಗಿಸಿ, "ಮನಿತನಕಾ ಹಿಟ್ಟ ಹೊತ್ತ ತಂದಾಂವಗ ಅನ್ನಾ ಹಾಕತೀಯಾ? ಇರಲಿ ಬಿಡು, ಸೊಸಿ ಓದಲಿ. ನಾ ಉಪವಾಸ ಹೋಗತೇನಿ" ಎಂದು ಮುಖ ಸಣ್ಣದು ಮಾಡಿದ. ನಾಟಕದವ. ಆದರೂ ತವರಿನಿಂದ ಬಂದ ತಮ್ಮನನ್ನು, ಅವನೇ ತಂದ ಹಿಟ್ಟು ಮನೆಯಲ್ಲಿರುವಾಗ, ರೊಟ್ಟಿ ಇಲ್ಲದೆ ಹೇಗೆ ಕಳಿಸುವುದು? ನೀಲಾಳ ಕಡೆ ನೋಡಿ ಕೈಸನ್ನೆಯಲ್ಲೇ ಕೇಳಿದೆ. ಅವಳು ಆಗಲಿ ಎಂದು ತಲೆಯಾಡಿಸಿದಳು.

ನೀರು ಕುದಿಸಿ ಹಿಟ್ಟು ನಾದಿದೆ. ಹಂಚು ಇಟ್ಟೆ. ಮೊದಲನೆಯ ರೊಟ್ಟಿಯನ್ನು ಅಂಗೈಯಿಂದ ಒತ್ತಿ ಒತ್ತಿ, ಸದ್ದಾಗದಂತೆ ಅಗಲ ಮಾಡಲು ನೋಡಿದೆ. ಜೋಳದ ರೊಟ್ಟಿ ಹಾಗೆಲ್ಲ ಕೇಳುತ್ತದೆಯೇ? ಅಂಚು ಒಡೆದು ಭೂಪಟದ ಹಾಗಾಯಿತು. ಎರಡನೆಯದನ್ನು ಬಡಿದೇ ಬಡಿದೆ. ತಪ್ ತಪ್ ತಪ್ ತಪ್. ಅಷ್ಟು ದಿನ ಸುಮ್ಮನಿದ್ದ ಕೈಗೆ ಹುರುಪು ಬಂದು ಸಪ್ಪಳ ತಗಡಿಗೆ ಬಡಿಯಿತು.

ಆಗ ನೀಲಾಳ ದನಿ ಕೇಳಿತು. "ಸರ್, ಒನ್ ಡೌಟ್."

ನನ್ನ ಕೈ ನಿಂತಿತು. ಅವಳ ಮಾತೂ ನಿಂತಿತು. ಸಂದಿ ನೋಡಿದಳು, ನನ್ನನ್ನು ನೋಡಿದಳು. ಹಂಚಿನ ಮೇಲಿನ ರೊಟ್ಟಿ ಹೊತ್ತುತ್ತದೆಂದು ಅದನ್ನು ತಿರುವಿ ಹಾಕಿ ಮತ್ತೊಂದು ಹಿಟ್ಟಿನುಂಡೆ ಬಡಿಯತೊಡಗಿದೆ. ಅವಳು ಮತ್ತೆ ಶುರುಮಾಡಿದಳು. ಇಂಗ್ಲಿಷು ನನಗೆ ಪೂರ್ತಿ ತಿಳಿಯುವುದಿಲ್ಲ. ಝೀರೋ ಎನ್ನುವುದು ಮಾತ್ರ ಮತ್ತೆ ಮತ್ತೆ ಕೇಳಿತು. ನಾನು ಬಡಿದಷ್ಟು ಹೊತ್ತೂ ಅವಳು ಕೇಳಿದಳು. ಸರ್ ಏನೋ ಹೇಳಿದರು, ಅವಳು ಅಲ್ಲವೆಂದಳು, ಅವರು ಇನ್ನೊಂದು ಬಗೆಯಲ್ಲಿ ಹೇಳಿದರು. ಕೊನೆಗೆ ಅವಳು "ಹಾಂ ಸರ್, ಹಾಂ ಹಾಂ!" ಎಂದಳು. ದಾರಿ ತಪ್ಪಿ ಅಲೆದ ಮೇಲೆ ಮನೆಯ ದೀಪ ಕಂಡವರ ಹಾಗಿತ್ತು ಆ ದನಿ.

ಶಂಕರಲಿಂಗ ಶೇಂಗಾ ಹಿಂಡಿ ಹಚ್ಚಿಕೊಂಡು ತಿನ್ನುತ್ತಲೇ ಇದ್ದ. "ಅಕ್ಕಾ, ಸಾಕು. ಲಾರಿಯೊಳಗ ನನಗ ಜಾಗಾ ಸಾಲೂದಿಲ್ಲ" ಎಂದ. ನಾನು ನಿಲ್ಲಿಸಲಿಲ್ಲ. ಹಿಟ್ಟು ಮುಗಿಯುವವರೆಗೆ ಬಡಿದೆ.

ತಮ್ಮ ಹೋದ ಮೇಲೆ ನೀಲಾಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಅವಳು ಬಿಸಿ ರೊಟ್ಟಿಯ ಪದರ ಸುಲಿಯುತ್ತಿದ್ದಳು.

"ಇವತ್ತ ಹ್ಯಾಂಗ ಕೇಳಿದೆವ್ವ?"

ಸುಲಿದ ಪದರವನ್ನು ತಾಟಿನ ಅಂಚಿಗಿಟ್ಟಳು. ಆಮೇಲೆ ಮೆಲ್ಲಗೆ ಹೇಳಿದಳು. "ಯವ್ವಾ, ನೀ ಬೈಯಬ್ಯಾಡ. ಎಲ್ಲಾರೂ ಸುಮ್ನ ಕುಂತ್ರ ನನ್ನ ದನಿ ಒಂದ ಕೇಳತೇತಿ. ನಾ ಏನ್ ಕೇಳಿದ್ನಿ, ನನಗೇನ್ ತಿಳೀಲಿಲ್ಲ ಅಂತ ಸಾಲಿನ ಮಂದಿಗೆಲ್ಲ ಗೊತ್ತಾಗತೇತಿ. ಅವತ್ತ ನಳದ ಕಡೆ ನಕ್ರಲ್ಲ, ಆವತ್ತಿಂದ ಬಾಯಿ ತೆರ್ಯಾಕ ಆಗವಲ್ದು."

"ಹುಲಿಗೆವ್ವ ಚ್ಯಾಷ್ಟಿ ಮಾಡಿದ್ದವ್ವ."

"ಗೊತ್ತೈತಿ. ಹುಲಿಗೆವ್ವ ದೊಡ್ಡವ್ವ ನನ್ನ ಸಲುವಾಗಿ ಬಾಯಿ ಮುಚ್ಚಕೊಂಡ ಕುಂತಿದ್ದೂ ಗೊತ್ತೈತಿ. ಅದಕ್ಕ ಯಾರಿಗೂ ಹೇಳಲಿಲ್ಲ. ದೀಪಾಗ ಹಂಗಿಲ್ಲವಾ. ಕ್ಲಾಸಿನ್ಯಾಗ ಫ್ಯಾನ್ ಗರಗರ ಅಂತೇತಿ, ಬೆಂಚ್ ಕಿರಗುಟ್ಟತಾವು. ತಿಳೀದಿದ್ರ ಬಾಜೂದಾಕಿನ್ನ ಮೊಣಕೈಲೆ ತಿವದು ಕೇಳತಾಳ. ಅಕಿ ಕೇಳಿದ್ದು ಯಾರಿಗೂ ಕೇಳಸೂದಿಲ್ಲ."

ನಾನು ಅವಳ ತಲೆ ಸವರಿದೆ. ಮಗಳಿಗೆಂದು ನಾವೆಲ್ಲ ಸೇರಿ ಉಸಿರು ಬಿಗಿಹಿಡಿದು ಮಾಡಿದ ಆ ಸದ್ದಿಲ್ಲದ ತಾಸು ಅವಳ ಬಾಯಿಯನ್ನೇ ಕಟ್ಟಿತ್ತು. ಅಳು ಬಂತು, ಜೊತೆಗೆ ನಗುವೂ ಬಂತು. ಎರಡನ್ನೂ ನುಂಗಿ ಹುಲಿಗೆವ್ವನ ಖೋಲಿಗೆ ಹೋದೆ. ನಳದ ಹತ್ತಿರದ ಮಾತನ್ನು ಹೇಳಲಿಲ್ಲ. ಹೇಳಿದರೆ ಅವಳು ವಾರಗಟ್ಟಲೆ ಕೊರಗುತ್ತಿದ್ದಳು.

"ಅಕ್ಕಾ, ನಾಳಿಂದ ಮೊದಲಿನಂಗ ಇರ್ರಿ. ಸಪ್ಪಳ ಇದ್ರನ ಹುಡುಗಿಗೆ ಓದು ಹತ್ತತೇತಂತ."

ಹುಲಿಗೆವ್ವ ನನ್ನನ್ನು ಕೆಕ್ಕರಿಸಿ ನೋಡಿದಳು. "ಮತ್ತ ಇಷ್ಟ ದಿನಾ ನನ್ನ ಬಾಯಿಗೆ ಬೀಗಾ ಯಾಕ ಹಾಕಿಸಿದಿ? ಎಷ್ಟ ಸುದ್ದಿ ಹಳಸಿ ಹೋದೂ ಗೊತ್ತೈತೇನ?"

ಮರುದಿನದಿಂದ ಹಳಸದ ಸುದ್ದಿಗಳೆಲ್ಲ ಹೊರಗೆ ಬಂದವು. ಮುಜಫ್ಫರನ ಯಂತ್ರ ಮಾತ್ರ ಹನ್ನೆರಡರ ಮೇಲೆಯೇ ಉಳಿಯಿತು, ಅದು ಸರ್ ಮಾತನ್ನೇ ನುಂಗಿಬಿಡುತ್ತಿತ್ತು. ನಾನು ಹನ್ನೊಂದಕ್ಕೆ ಸರಿಯಾಗಿ ಹಿಟ್ಟು ನಾದಿ ಕೂರುತ್ತಿದ್ದೆ. ಸರ್ ಪಾಠ ಹೇಳುವಾಗ ಉಂಡೆ ಕಟ್ಟುವುದು, "ಎನಿ ಡೌಟ್ಸ್" ಎಂದಾಗ ಬಡಿಯುವುದು. ನಮ್ಮ ಮನೆಯವರು ತಾಟಿನಲ್ಲಿ ರೊಟ್ಟಿ ಕಂಡು, "ಮಗಳು ಪಾಸಾದಳೇನ?" ಎಂದು ಕೇಳಿದರು.

ಒಂದು ದಿನ ನೀಲಾ ಸಂಶಯ ಕೇಳುತ್ತಿರುವಾಗ ಸುನಿಲ ಸರ್ ತಡೆದು ಕೊಂಕಣಿಯಲ್ಲಿ ಕೇಳಿದರು, "ಕಸಲೋ ಆವಾಜ್ ತೋ?" ಅದೇನು ಸದ್ದು ಎಂದು. ನಾನು ಹಿಟ್ಟಿನ ಕೈ ಹಿಂದಕ್ಕೆಳೆದುಕೊಂಡೆ. ನೀಲಾ ನನ್ನ ಕಡೆ ತಿರುಗಿ ನೋಡಿ, ನಾಚದೆ, ಅವ್ವ ಭಾಕ್ರಿ ಬಡಿಯುತ್ತಿದ್ದಾಳೆ ಸರ್, ಅವಳು ಬಡಿದರೆ ನನಗೆ ಮಾತಾಡಲು ಆಗುತ್ತದೆ ಎಂದಳು. ಅವರು "ಬರೆಂ, ಬರೆಂ" ಎಂದರು. ಒಳ್ಳೆಯದು, ನಡೆಯಲಿ ಎಂದರ್ಥ. ಅದಾದ ಮೇಲೆ ಅವರು ಆನ್‌ಲೈನ್ ಮಕ್ಕಳಿಗೆ ಪಾಠದ ಕೊನೆಗೆ ಇಬ್ಬಿಬ್ಬರೇ ಬೇರೆಯಾಗಿ ಮಾತಾಡಿಕೊಳ್ಳಲು ಬಿಡತೊಡಗಿದರು, ಬೆಂಚಿನ ಜೊತೆಗಾರರ ಹಾಗೆ.

ವರ್ಷದ ಪರೀಕ್ಷೆ ಎಲ್ಲರಿಗೂ ಕಾಲೇಜಿನಲ್ಲೇ ಇತ್ತು. ಹೊರಡುವಾಗ ನೀಲಾ ದೇವರಿಗೆ, ನಮಗೆ, ಹುಲಿಗೆವ್ವನಿಗೆ ನಮಸ್ಕಾರ ಮಾಡಿದಳು. "ಅಲ್ಲೆ ಪಿನ್ ಡ್ರಾಪ್ ಅಂತಾರಲ್ಲ, ಹಂಗ ಇರತೇತಿ. ಏನ ಮಾಡತಿ? ನಿಮ್ಮವ್ವನ್ನ ಹಂಚು ಸಮೇತ ಕರಕೊಂಡ ಹೋಗು" ಎಂದಳು ಹುಲಿಗೆವ್ವ. ಎಲ್ಲರೂ ನಕ್ಕರೂ ನನ್ನ ಎದೆಯಲ್ಲಿ ಅದೇ ಹೆದರಿಕೆ ಇತ್ತು. ಅವತ್ತು ನಾನು ಬೇಕೆಂದೇ ಪರೀಕ್ಷೆಯ ಹೊತ್ತಿಗೆ ರೊಟ್ಟಿ ಬಡಿಯಲು ಕುಳಿತೆ. ಯಾರಿಗೂ ಕಾರಣ ಹೇಳಲಿಲ್ಲ. ಅಷ್ಟು ದೂರ ಕೇಳುವುದಿಲ್ಲವೆಂದು ನನಗೂ ಗೊತ್ತಿತ್ತು.

ಫಲ ಬಂದ ದಿನ ನಾನು ಕಾಲನಿಯಲ್ಲಿ ಮೆಟ್ಟಿಲು ಒರೆಸುತ್ತಿದ್ದೆ. ನೀಲಾ ಬಸ್ ಇಳಿದು ಮನೆಗೆ ಹೋಗದೆ ಅಲ್ಲಿಗೇ ಓಡಿ ಬಂದಳು. ಮಾತಾಡಲಾಗದೆ ಏದುಸಿರು ಬಿಡುತ್ತ, ಒದ್ದೆ ಮೆಟ್ಟಿಲ ಮೇಲೆಯೇ ಕುಳಿತು ನನ್ನ ಹೊಟ್ಟೆಗೆ ಮುಖ ಒತ್ತಿದಳು.

"ಅರವತ್ನಾಲ್ಕು" ಎಂದಳು.

ನಾನು ಒರೆಸುವ ಬಟ್ಟೆ ಹಿಡಿದ ಕೈಯಿಂದಲೇ ಅವಳನ್ನು ಅಪ್ಪಿಕೊಂಡೆ. ಯೂನಿಫಾರ್ಮು ಒದ್ದೆಯಾಯಿತು. ದೀಪಾಳಿಗೆ ಇವಳಿಗಿಂತ ಹೆಚ್ಚು ಬಂದಿತ್ತು, ಅವಳೂ ಗಣಿತವನ್ನೇ ತೆಗೆದುಕೊಳ್ಳುವವಳಿದ್ದಳು. ಹೋಲಿಸಿ ನೋಡಿದಾಗ ಈ ಸಲವೂ ಕ್ಲಾಸಿನ ಗುಂಪೇ ಸ್ವಲ್ಪ ಮುಂದಿತ್ತಂತೆ. ಆದರೆ ಮೊದಲಿನಷ್ಟು ಅಂತರವಿರಲಿಲ್ಲ. ಆನ್‌ಲೈನ್ ಗುಂಪಿನಲ್ಲಿ ಬಾಯಿ ಬಿಟ್ಟು ಕೇಳಿದವರು ಹೆಚ್ಚುಕಡಿಮೆ ಕ್ಲಾಸಿನವರಷ್ಟೇ ಮಾಡಿದ್ದರು, ಕೊನೆಯವರೆಗೂ ಕೇಳದವರು ಹಿಂದೆ ಬಿದ್ದಿದ್ದರು. ಮುಂದಿನ ವರ್ಷ ಅಂಕದ ಜೊತೆಗೆ ಯಾರು ಯಾಕೆ ಕೇಳಲಿಲ್ಲ ಎನ್ನುವುದನ್ನೂ ವಿಚಾರಿಸಬೇಕು ಎಂದರಂತೆ ಸುನಿಲ ಸರ್.

ಈಗ ನೀಲಾ ಎರಡನೆಯ ವರ್ಷ. ದೀಪಾಳ ಪಕ್ಕದಲ್ಲಿ, ಗರಗರ ಫ್ಯಾನಿನ ಕೆಳಗೆ ಕುಳಿತು ಓದುತ್ತಾಳೆ. ವಾರಕ್ಕೊಂದು ಸಂಜೆ ಮನೆಯಿಂದಲೇ ಮೊದಲ ವರ್ಷದ ಆನ್‌ಲೈನ್ ಮಕ್ಕಳಿಗೆ ಸಂಶಯ ಬಿಡಿಸುತ್ತಾಳೆ, ಸರ್ ಒಪ್ಪಿಸಿದ ಕೆಲಸ ಅದು. ಮೊದಲಿಗೇ ಅವಳು ಅವರಿಗೆ ಹೇಳುತ್ತಾಳೆ: ಮನೆಯ ಸದ್ದಿಗೆ ಹೆದರಬೇಡಿ, ಯಾರನ್ನೂ ಸುಮ್ಮನಿರಿಸಬೇಡಿ, ಮೈಕು ತೆರೆಯಿರಿ. ಆಗ ನಮ್ಮ ಖೋಲಿಗೆ ಏನೆಲ್ಲ ಬರುತ್ತದೆ! ಯಾರದೋ ಮನೆಯ ಕುಕ್ಕರ್ ಸೀಟಿ, ಪಾವ್ ಮಾರುವವನ ಹಾರ್ನು, ಅಜ್ಜಿಯ ಕೆಮ್ಮು. ನಡುವೆ ನಾನೂ ಬಡಿಯುತ್ತಿರುತ್ತೇನೆ.

ನಿನ್ನೆ ಸಂಜೆ ವಾಳಪೈ ಕಡೆಯ ಹುಡುಗಿಯೊಬ್ಬಳು ಏನೋ ಕೇಳಿದಳು. ಬಹಳ ಸಣ್ಣ ದನಿ, ಮೊದಲ ಸಲ ಕೇಳುವವರ ದನಿ. ನೀಲಾಳಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳು, ಜೋರಾಗಿ ಹೇಳು ಎಂದಳು. ನಾನು ಕೈ ನಿಲ್ಲಿಸಲೋ ಬೇಡವೋ ಎಂದು ನೋಡುತ್ತಿರುವಾಗ ಗೋಡೆಯ ಮೇಲಿನ ಸಂದಿಯಿಂದ ಹುಲಿಗೆವ್ವನ ದನಿ ಬಂತು.

"ಅಕಿ ಝೀರೋ ಕೇಳಾಕತ್ತಾಳ ನೋಡವ್ವ. ಚಂದಗೆ ತಿಳಿಸಿ ಹೇಳು. ಅದು ಅಷ್ಟ ಸಸಾರ ಇಲ್ಲ."